ಹೊಗೆ, ಪೊಗ, ಊಮೊ, ಫೂಮೊ

(ಮಾತಾಡುತ್ತಿರುವವರು ಇಬ್ಬರು. ಒಬ್ಬರು ಚಿಂತಾಮಣಿಯಲ್ಲಿ ನೆಲೆಸಿರುವ ನಿವೃತ್ತ ಕನ್ನಡ ಮೇಷ್ಟ್ರು, ಮನೆಮಾತು ತೆಲುಗು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಗೌರಿಬಿದನೂರು ಕಡೆಯವಳು; ಮನೆಮಾತು ಕನ್ನಡ. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಅನುವಾದದ ಕೆಲಸ ಮಾಡುತ್ತಾಳೆ. ಈಗ ಇಟಾಲಿಯನ್ ಕಲಿಯುತ್ತಿದ್ದಾಳೆ.)

ಶಿಷ್ಯೆ: ಸ್ಪ್ಯಾನಿಷ್ ಬಂದವರಿಗೆ ಇಟಾಲಿಯನ್ ಅರ್ಧ ಬಂದ ಹಾಗೇ ಅಂತ ಎಲ್ಲರೂ ಹೇಳ್ತಿದ್ದರು ಸರ್. ನಿಜ ಅಂತಲೇ ಅನ್ನಿಸ್ತಿದೆ. ಮನೆಗೆ ಎರಡರಲ್ಲೂ ‘ಕಾಸ’. ನೀರಿಗೆ ಸ್ಪ್ಯಾನಿಷ್‌ನಲ್ಲಿ ‘ಆಗ್ವ’, ಇಟಾಲಿಯನ್‌ನಲ್ಲಿ ‘ಆಕ್ವ’. ರೊಟ್ಟಿಗೆ ‘ಪಾನ್’, ‘ಪಾನೆ’. ಒಂದರಿಂದ ಹತ್ತರ ತನಕ ಎಣಿಸಿದರೆ ಒಂದು ಅಂಕಿಯೂ ಹೊಸದು ಅನ್ನಿಸಲ್ಲ. ಕಲೀತಾ ಕಲೀತಾ ನನಗೆ ನಮ್ಮ ಕಡೆಯದೇ ನೆನಪು. ಗೌರಿಬಿದನೂರಲ್ಲಿ ಹಿಂದೂಪುರದ ರೈಲು ಹತ್ತಿ ಕೂತರೆ, ಡಬ್ಬಿಯೊಳಗೆ ಕನ್ನಡ ಎಲ್ಲಿ ನಿಂತಿತು, ತೆಲುಗು ಎಲ್ಲಿ ಶುರುವಾಯ್ತು ಅಂತ ಗೊತ್ತೇ ಆಗಲ್ಲ. ಕನ್ನಡ ತೆಲುಗು ಅಂದರೆ ನಮ್ಮ ಸ್ಪ್ಯಾನಿಷ್ ಇಟಾಲಿಯನ್ ಅಲ್ವಾ ಸರ್?

ಮೇಷ್ಟ್ರು: ಅಷ್ಟು ಬೇಗ ಹೂಂ ಅನ್ನಲಾರೆ ಕಣಮ್ಮ. ನಿನ್ನ ‘ಕಾಸ’ ನಮ್ಮಲ್ಲಿ ಒಂದು ಕಡೆ ‘ಮನೆ’, ಇನ್ನೊಂದು ಕಡೆ ‘ಇಲ್ಲು’. ಎಣಿಸಿ ನೋಡು. ‘ಐದು’, ‘ಆರು’ ಎರಡರಲ್ಲೂ ಒಂದೇ. ‘ಮೂರು’ ‘ಮೂಡು’ ಆಗುತ್ತೆ, ‘ನಾಲ್ಕು’ ‘ನಾಲುಗು’ ಆಗುತ್ತೆ, ಅಲ್ಲಿಯವರೆಗೂ ಸರಿ. ಆದರೆ ‘ಒಂದು’ ಹೋಗಿ ‘ಒಕಟಿ’, ‘ಎಂಟು’ ಹೋಗಿ ‘ಎನಿಮಿದಿ’. ನೂರಕ್ಕೆ ತೆಲುಗಿನಲ್ಲಿ ‘ವಂದ’. ತೆಲುಗು ಬಾರದ ಗಿರಾಕಿ ಸಂತೆಯಲ್ಲಿ ಅದನ್ನ ‘ಒಂದ’ ಅಂತ ಕೇಳಿಸಿಕೊಂಡರೆ ಗತಿ ಏನು? ಮರ, ಮಳೆ, ಬೇಕು, ಬೇಡ, ಒಳ್ಳೇದು, ಹೇಳು. ಇವು ಬೆಳಗಿನಿಂದ ರಾತ್ರಿವರೆಗೆ ಬಾಯಲ್ಲಿರೋ ಮಾತು. ತೆಲುಗಲ್ಲಿ ಚೆಟ್ಟು, ವಾನ, ಕಾವಾಲಿ, ವದ್ದು, ಮಂಚಿದಿ, ಚೆಪ್ಪು. ಒಂದಾದರೂ ಹೋಲುತ್ತಾ?

ಶಿಷ್ಯೆ: ಹೋಲಲ್ಲ. ಆದರೆ ಹಾಲು, ಹುಲಿ, ಹಂದಿ, ಹಾವು, ಹೂವು ತಗೊಳ್ಳಿ. ಪಾಲು, ಪುಲಿ, ಪಂದಿ, ಪಾಮು, ಪುವ್ವು. ‘ಹ’ ತೆಗೆದು ‘ಪ’ ಇಟ್ಟರೆ ಮುಗೀತು. ಸ್ಪ್ಯಾನಿಷ್‌ನಲ್ಲೂ ಥೇಟ್ ಇದೇ ಆಗಿದೆ ಸರ್! ಲ್ಯಾಟಿನ್ನಿನ ಮೊದಲಕ್ಷರದ ‘ಫ’ ಇಟಾಲಿಯನ್‌ನಲ್ಲಿ ಹಾಗೇ ಉಳಿದಿದೆ, ಸ್ಪ್ಯಾನಿಷ್‌ನಲ್ಲಿ ‘ಹ’ ಆಗಿದೆ. ಹಿಟ್ಟಿಗೆ ಇಟಲಿಯಲ್ಲಿ ‘ಫರೀನ’, ಒಲೆಗೂಡಿಗೆ ‘ಫೋರ್ನೊ’, ಹೊಗೆಗೆ ‘ಫೂಮೊ’. ಸ್ಪ್ಯಾನಿಷ್‌ನಲ್ಲಿ ಇವನ್ನ ಹಕಾರ ಇಟ್ಟು ಬರೀತಾರೆ, ಆದರೆ ಓದುವಾಗ ಆ ಹಕಾರವನ್ನೂ ನುಂಗಿಬಿಡ್ತಾರೆ. ‘ಅರೀನ’, ‘ಓರ್ನೊ’, ‘ಊಮೊ’ ಅಂತಾರೆ.

ಮೇಷ್ಟ್ರು: ನುಂಗ್ತಾರಾ? ಹಾಗಾದರೆ ನಮ್ಮ ಹಳ್ಳಿ ಕನ್ನಡವೇ ಆಯ್ತು. ‘ಆಲು ಕಾಸು’, ‘ಅಸು ಕಟ್ಟು’, ‘ಒಗೆ ತುಂಬ್ಕೊಂತು’ ಅನ್ನೋರನ್ನ ಪೇಟೆಯವರು ನೋಡಿ ನಕ್ಕಿದ್ದಾರೆ. ಪಂಪ 941ರಲ್ಲಿ ಆದಿಪುರಾಣ ಬರೆದಾಗ ಇದ್ದದ್ದು ‘ಪಾಲ್’, ‘ಪುಲಿ’. ಹತ್ತನೇ ಶತಮಾನದ ಆಸುಪಾಸಿನಿಂದ ಪಕಾರ ಸಡಿಲ ಆಗ್ತಾ ಬಂತು, ನಡುಗನ್ನಡದ ಹೊತ್ತಿಗೆ ಹಕಾರ ನಿಂತುಬಿಡ್ತು. ಹಳ್ಳಿಯವರು ಅದನ್ನೂ ಬಿಟ್ಟರು. ಸ್ಪೇನಿನಲ್ಲಿ ಬಿಟ್ಟದ್ದೇ ಶಿಷ್ಟ ಭಾಷೆ, ಇಲ್ಲಿ ಬಿಟ್ಟರೆ ಒರಟು ಭಾಷೆ. ಎಷ್ಟು ಅನ್ಯಾಯ ನೋಡು. ಇನ್ನೊಂದು ಗಮನಿಸಿದೀಯಾ? ಹಾಲು ಅನ್ನೋ ‘ಪಾಲ್’ ಬದಲಾಯ್ತು. ಅಣ್ಣತಮ್ಮಂದಿರು ಹಂಚಿಕೊಳ್ಳೋ ‘ಪಾಲು’ ಹಾಗೇ ಉಳೀತು. ತೆಲುಗಿನಲ್ಲಿ ಹಾಲಿಗೂ ಹಿಸ್ಸೆಗೂ ಇವತ್ತಿಗೂ ‘ಪಾಲು’ ಒಂದೇ ಸದ್ದು.

ಶಿಷ್ಯೆ: ಬ, ವ ಕೂಡ ಹಾಗೇ. ಬೇರು ವೇರು, ಬೇವು ವೇಪ, ಬೆಣ್ಣೆ ವೆನ್ನ, ಬೆಲೆ ವೆಲ, ಬೆರಳು ವೇಲು. ದ್ರಾಕ್ಷಾರಸಕ್ಕೆ ಇಟಲಿಯವರು ‘ವೀನೊ’ ಅಂದರೆ, ಸ್ಪೇನಿನವರು ಅದನ್ನೇ ಬರೆದು ‘ಬೀನೊ’ ಅಂತಾರೆ. ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದವರಿಗೆ ಹೇಳಬೇಕಾದ ವಿಷಯ ಇದು!

ಮೇಷ್ಟ್ರು: ನನಗೆ ಎಲ್ಲಕ್ಕಿಂತ ಇಷ್ಟವಾದ್ದು ಕಕಾರದ ಕಥೆ. ನಾವು ಕೆರೆ ಅಂತೀವಿ, ತೆಲುಗಿನವರು ಚೆರುವು ಅಂತಾರೆ. ಕಿವಿ ಚೆವಿ, ಕೈ ಚೆಯ್ಯಿ, ಕೆಡು ಚೆಡು, ಗಿಳಿ ಚಿಲುಕ. ಇ, ಎ ಸ್ವರ ಬಂದ ಕಡೆ ಕಕಾರ ಕರಗಿ ಚಕಾರ ಆಗುತ್ತೆ. ತಮಿಳಲ್ಲೂ ‘ಚೆವಿ’ಯೇ. ಈ ಬದಲಾವಣೆಗೆ ಕನ್ನಡ ಜಗ್ಗಲಿಲ್ಲ. ದ್ರಾವಿಡ ಭಾಷೆಯ ಹಳೇ ಕಕಾರವನ್ನ ನಮ್ಮ ಕಿವಿ, ಕೆರೆ, ಕೆಂಪು ಇನ್ನೂ ಇಟ್ಟುಕೊಂಡಿವೆ.

ಶಿಷ್ಯೆ: ಅಯ್ಯೋ, ಇದೂ ಇದೆ ಸರ್ ಅಲ್ಲಿ! ನೂರಕ್ಕೆ ಲ್ಯಾಟಿನ್ನಿನಲ್ಲಿ ‘ಕೆಂತುಮ್’. ಇಟಾಲಿಯನ್‌ನಲ್ಲಿ ‘ಚೆಂತೊ’, ಸ್ಪ್ಯಾನಿಷ್‌ನಲ್ಲಿ ‘ಸಿಯೆಂತೊ’. ಎರಡೂ ಕಕಾರ ಬಿಟ್ಟಿವೆ, ಆದರೆ ಬೇರೆ ಬೇರೆ ದಾರೀಲಿ. ಹಳೇ ಕಕಾರ ಉಳಿದಿರೋದು ಸಾರ್ಡೀನಿಯ ದ್ವೀಪದ ಮಾತಲ್ಲಿ. ಅಲ್ಲಿ ಇನ್ನೂ ‘ಕೆಂತು’ ಅಂತಾರೆ.

ಮೇಷ್ಟ್ರು: ಹಾಗಾದರೆ ಈ ವಿಷಯದಲ್ಲಿ ನಾವು ಸಾರ್ಡೀನಿಯದವರು. ಕಿಟೆಲ್ ನಿಘಂಟು ತೆಗೆದು ನೋಡಬೇಕು ನೀನು. 1894ರದ್ದು. ಕನ್ನಡ ಪದದ ಮಗ್ಗುಲಲ್ಲೇ ತಮಿಳು, ತೆಲುಗು, ತುಳು, ಮಲಯಾಳದ ರೂಪಗಳನ್ನ ಕೊಟ್ಟುಕೊಂಡು ಹೋಗಿದ್ದಾರೆ ಆ ಮಹಾನುಭಾವರು. ಅದಕ್ಕೂ ಮುಂಚೆ, 1816ರಲ್ಲಿ, ಮದ್ರಾಸಿನ ಎಲ್ಲಿಸ್ ಅನ್ನೋ ಅಧಿಕಾರಿ ಕ್ಯಾಂಪ್‌ಬೆಲ್ಲರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತಮಿಳು, ತೆಲುಗು, ಕನ್ನಡದ ಧಾತುಗಳನ್ನ ಅಕ್ಕಪಕ್ಕ ಇಟ್ಟು, ಇವು ಸಂಸ್ಕೃತದಿಂದ ಹುಟ್ಟಿದವಲ್ಲ, ಇವೇ ಒಂದು ಕುಟುಂಬ ಅಂತ ತೋರಿಸಿದರು. ಕಾಲ್ಡ್‌ವೆಲ್ಲರ ದೊಡ್ಡ ಪುಸ್ತಕ ಬಂದದ್ದು 1856ರಲ್ಲಿ, ನಲವತ್ತು ವರ್ಷ ಆದಮೇಲೆ.

ಶಿಷ್ಯೆ: ಅಂದಮೇಲೆ ನೀವೇ ನನ್ನ ಮಾತು ಒಪ್ಪಿದ ಹಾಗಾಯ್ತಲ್ಲ. ಒಂದೇ ಕುಟುಂಬ, ಸದ್ದುಗಳೂ ನಿಯಮ ಇಟ್ಟುಕೊಂಡು ಬದಲಾಗಿವೆ. ಅಕ್ಕ ತಂಗಿ ಅಲ್ಲದೆ ಮತ್ತೇನು?

ಮೇಷ್ಟ್ರು: ಅಲ್ಲ. ಅಕ್ಕ ತಂಗಿಯರಿಗೆ ತಾಯಿ ಒಬ್ಬಳೇ. ಸ್ಪ್ಯಾನಿಷ್ ಇಟಾಲಿಯನ್ನಿಗೆ ಲ್ಯಾಟಿನ್ ಅನ್ನೋ ತಾಯಿ ಕಣ್ಣೆದುರಿಗಿದ್ದಾಳೆ. ಅವು ಬೇರೆಯಾಗಿ ಹೆಚ್ಚೆಂದರೆ ಸಾವಿರದೈನೂರು ವರ್ಷ. ದ್ರಾವಿಡ ಕುಟುಂಬದ ವಯಸ್ಸು ಸುಮಾರು 4500 ವರ್ಷ ಅಂತ 2018ರ ಒಂದು ಅಧ್ಯಯನ ಅಂದಾಜು ಮಾಡಿದೆ. ಕನ್ನಡ ಇರೋದು ದಕ್ಷಿಣ ಶಾಖೆಯಲ್ಲಿ, ತಮಿಳು, ಮಲಯಾಳ, ಕೊಡವ, ತುಳುವಿನ ಜೊತೆ. ತೆಲುಗು ಇರೋದು ದಕ್ಷಿಣ ಮಧ್ಯ ಶಾಖೆಯಲ್ಲಿ, ಗೋಂಡಿ, ಕುಯಿ, ಕುವಿ ಜೊತೆ. ಭದ್ರಿರಾಜು ಕೃಷ್ಣಮೂರ್ತಿಯವರು ತೆಲುಗಿನವರೇ, ಜೀವಮಾನ ಇಡೀ ಇದಕ್ಕೆ ಕೊಟ್ಟವರು. ಅವರ ವಿಂಗಡಣೆ ಇದು. ವಂಶವೃಕ್ಷ ನೋಡಿದರೆ ತೆಲುಗಿಗೆ ಕನ್ನಡಕ್ಕಿಂತ ಬಸ್ತರ್ ಕಾಡಿನ ಗೋಂಡಿ ಹತ್ತಿರ. ಕನ್ನಡ ತೆಲುಗು ದೂರದ ದಾಯಾದಿಗಳು ಕಣಮ್ಮ. ಆದರೆ ಪಕ್ಕದ ಪಕ್ಕದ ಮನೇಲಿ ಸಾವಿರಾರು ವರ್ಷ ಬಾಳಿ, ಅಕ್ಕ ತಂಗಿಯರಿಗಿಂತ ಹೆಚ್ಚು ಹೊಂದಿಕೊಂಡರು.

ಶಿಷ್ಯೆ: ಒಂದು ನಿಮಿಷ ಸರ್. ಹಾಗೆ ನೋಡಿದರೆ ನನ್ನ ಜೋಡಿಯೂ ಅಷ್ಟು ಸಲೀಸಲ್ಲ. ತಿನ್ನೋದಕ್ಕೆ ಇಟಾಲಿಯನ್‌ನಲ್ಲಿ ‘ಮಾಂಜಾರೆ’, ಮಾತಾಡೋದಕ್ಕೆ ‘ಪಾರ್ಲಾರೆ’, ಕಿಟಕಿಗೆ ‘ಫಿನೇಸ್ತ್ರ’, ಗಿಣ್ಣಿಗೆ ‘ಫೊರ್ಮಾಜೊ’. ಸ್ಪ್ಯಾನಿಷ್‌ನಲ್ಲಿ ‘ಕೊಮೇರ್’, ‘ಅಬ್ಲಾರ್’, ‘ಬೆಂತಾನ’, ‘ಕೇಸೊ’. ಒಂದೂ ಕೂಡಲ್ಲ. ಇಟಾಲಿಯನ್ ಪದಗಳಿಗೆ ಜೋಡಿ ಸಿಗೋದು ಫ್ರೆಂಚಿನಲ್ಲಿ: ಮಾಂಜೆ, ಪಾರ್ಲೆ, ಫೆನೆತ್ರ್, ಫ್ರೊಮಾಜ್. ಬಹುವಚನವೂ ಅಷ್ಟೇ. ಸ್ಪ್ಯಾನಿಷ್ ಕೊನೆಗೆ ಸಕಾರ ಹಚ್ಚಿ ‘ಕಾಸಾಸ್’ ಅನ್ನುತ್ತೆ, ಇಟಾಲಿಯನ್ ಸ್ವರ ಬದಲಿಸಿ ‘ಕಾಸೆ’ ಅನ್ನುತ್ತೆ. ಕಿವಿಗೆ ಅವಳಿ ಅನ್ನಿಸೋದು ಸ್ಪ್ಯಾನಿಷ್ಷೇ, ಆದರೆ ಪದ ಎಣಿಸಿದರೆ ಹತ್ತಿರದವಳು ಫ್ರೆಂಚ್.

ಮೇಷ್ಟ್ರು: ಭೇಷ್! ಇದನ್ನ ನೀನು ಮೊದಲೇ ಹೇಳಬೇಕಿತ್ತು. ಈಗ ಹೋಲಿಕೆ ನಿಜವಾಗಿ ಕೂತ್ಕೊಂತು. ಕನ್ನಡಕ್ಕೆ ತಮಿಳು ಹಾಗೆ. ಮನೆ ಮನೈ, ಮರ ಮರಮ್, ಬೇಡ ವೇಂಡಾಮ್, ಇಲ್ಲ ಇಲ್ಲೈ, ಎಂಟು ಎಟ್ಟು. ಒಳಗಿನ ಮಾತು ತಮಿಳಿನ ಕಡೆ ನೋಡುತ್ತೆ. ಆದರೆ ಲಿಪಿ, ಛಂದಸ್ಸು, ಸಂಸ್ಕೃತದಿಂದ ತಂದುಕೊಂಡ ಪದಗಳು, ಹಾಡೋ ರಾಗ, ಇವೆಲ್ಲ ತೆಲುಗಿನ ಜೊತೆ. ಲಿಪಿ ಅಂತೂ ಮೊದಲು ಒಂದೇ ಇತ್ತು. ಮದನಪಲ್ಲಿ ಬಸ್ಸಿನ ತೆಲುಗು ಬೋರ್ಡನ್ನ ನಮ್ಮ ಆರನೇ ಕ್ಲಾಸಿನ ಮಕ್ಕಳು ತಲಕಟ್ಟು ನೋಡಿ ಓದಿಬಿಡ್ತಾರೆ. ಪಂಪನ ತಮ್ಮ ಜಿನವಲ್ಲಭ ಕುರಿಕ್ಯಾಲದ ಬಂಡೆ ಮೇಲೆ ಕೆತ್ತಿಸಿದ ಶಾಸನದಲ್ಲಿ ಕನ್ನಡ, ತೆಲುಗು, ಸಂಸ್ಕೃತ ಮೂರೂ ಇವೆ. ಆ ಊರು ಇರೋದು ಇವತ್ತಿನ ತೆಲಂಗಾಣದಲ್ಲಿ. ಒಂದೇ ಮನೆಯವರು ಎರಡು ಭಾಷೆಯಲ್ಲಿ ಬರೆಯೋದು ಅವತ್ತೇ ಸಹಜವಾಗಿತ್ತು.

ಶಿಷ್ಯೆ: ಆದರೆ ಹತ್ತಿರ ಇದ್ದಷ್ಟೂ ಎಡವೋದು ಜಾಸ್ತಿ ಅಲ್ವಾ ಸರ್. ಇಟಾಲಿಯನ್‌ನಲ್ಲಿ ‘ಬುರ್ರೊ’ ಅಂದರೆ ಬೆಣ್ಣೆ, ಸ್ಪ್ಯಾನಿಷ್‌ನಲ್ಲಿ ಕತ್ತೆ. ‘ಗಾಂಬ’ ಇಟಲಿಯಲ್ಲಿ ಕಾಲು, ಸ್ಪೇನಿನಲ್ಲಿ ಸೀಗಡಿ. ‘ಲಾರ್ಗೊ’ ಇಟಲಿಯಲ್ಲಿ ಅಗಲ, ಸ್ಪೇನಿನಲ್ಲಿ ಉದ್ದ. ‘ಸಲೀರೆ’ ಅಂದರೆ ಹತ್ತೋದು, ‘ಸಲೀರ್’ ಅಂದರೆ ಹೊರಗೆ ಹೋಗೋದು. ಅನುವಾದ ಮಾಡುವಾಗ ಗೊತ್ತಿಲ್ಲದ ಪದಕ್ಕೆ ನಾನು ಹೆದರಲ್ಲ, ಗೊತ್ತಿರೋ ಪದಕ್ಕೇ ಹೆದರ್ತೀನಿ.

ಮೇಷ್ಟ್ರು: ನಮ್ಮ ಕಡೆ ಊರುಗಳ ಹೆಸರಿನಿಂದಲೇ ಶುರು ಮಾಡಬಹುದು. ಚಿಕ್ಕಬಳ್ಳಾಪುರದ ‘ಚಿಕ್ಕ’ ತೆಲುಗಿನಲ್ಲಿ ‘ಚಿನ್ನ’. ದೊಡ್ಡಬಳ್ಳಾಪುರದ ‘ದೊಡ್ಡ’ ತೆಲುಗಿನಲ್ಲಿ ‘ಪೆದ್ದ’. ಕನ್ನಡದವರಿಗೆ ಚಿನ್ನ ಅಂದರೆ ಬಂಗಾರ, ಪೆದ್ದ ಅಂದರೆ ದಡ್ಡ. ಪೆದ್ದಯ್ಯ ಅನ್ನೋ ಹೆಸರಿನ ಹುಡುಗನನ್ನ ಕ್ಲಾಸಿನಲ್ಲಿ ಬೇರೆ ಮಕ್ಕಳು ಆಡಿಕೊಳ್ಳೋವಾಗ ನಾನು ಪಾಠ ನಿಲ್ಲಿಸಿ ಹೇಳ್ತಿದ್ದೆ: ಕೃಷ್ಣದೇವರಾಯನ ಆಸ್ಥಾನದಲ್ಲಿ ಆಂಧ್ರ ಕವಿತಾ ಪಿತಾಮಹ ಅನ್ನಿಸಿಕೊಂಡವನ ಹೆಸರು ಅಲ್ಲಸಾನಿ ಪೆದ್ದನ, ಪೆದ್ದ ಅಂದರೆ ಹಿರಿಯ. ಆ ಹುಡುಗ ಅವತ್ತು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ‘ಅನ್ನ ವಚ್ಚಾಡು’ ಅಂದರೆ ಅಣ್ಣ ಬಂದ ಅಂತ, ಊಟ ಬಂತು ಅಂತಲ್ಲ. ಇನ್ನು ‘ಊಟ’ ಅಂದರೆ ತೆಲುಗಿನಲ್ಲಿ ನೀರಿನ ಸೆಲೆ, ನಮ್ಮ ಊಟೆ. ‘ಅವ್ವ’ ಕನ್ನಡದಲ್ಲಿ ತಾಯಿ, ತೆಲುಗಿನಲ್ಲಿ ಅಜ್ಜಿ. ‘ಮಾಟ’ ತೆಲುಗಿನಲ್ಲಿ ಮಾತು, ಕನ್ನಡದಲ್ಲಿ ಮಾಡಿಸೋದು! ‘ಏರು’ ನಮಗೆ ಹತ್ತೋದು, ಅವರಿಗೆ ಹೊಳೆ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದುಹೋಗೋ ಉತ್ತರ ಪಿನಾಕಿನಿ ಆಚೆ ಕಡೆ ಪೆನ್ನೇರು ಅನ್ನಿಸಿಕೊಳ್ಳುತ್ತೆ.

ಶಿಷ್ಯೆ: ಸಂಸ್ಕೃತದ ಪದಗಳೇ ಹೆಚ್ಚು ಮೋಸ ಮಾಡೋದು. ‘ಅವಸರಂ’ ಅಂದರೆ ತೆಲುಗಿನಲ್ಲಿ ಅಗತ್ಯ. ‘ಅವಸರಂ ಲೇದು’ ಅಂದಾಗ ನಮ್ಮವರು ಅರ್ಜೆಂಟ್ ಇಲ್ಲವಂತೆ, ಆಮೇಲೆ ಕೊಡೋಣ ಅಂದುಕೊಳ್ತಾರೆ. ಅವರು ಹೇಳಿದ್ದು ಬೇಕಾಗಿಲ್ಲ ಅಂತ. ‘ಆಲಸ್ಯಂ’ ಅಂದರೆ ಅಲ್ಲಿ ತಡ, ಇಲ್ಲಿ ಸೋಮಾರಿತನ. ತಡವಾಯ್ತು ಅಂದವರನ್ನ ಸೋಮಾರಿ ಅಂತ ತಿಳಿದರೆ ಏನು ಗತಿ!

ಮೇಷ್ಟ್ರು: ‘ಗೊಡವೆ’ ಕೂಡ ಹಾಗೇ. ನಮ್ಮಲ್ಲಿ ಉಸಾಬರಿ, ಅಲ್ಲಿ ‘ಗೊಡವ’ ಅಂದರೆ ಜಗಳ. ಇರಲಿ, ಇಂಥವು ಬೇಕಾದಷ್ಟಿವೆ. ಪದ ಪದ ಹಿಡಿದು ಕೂತರೆ ಒಂದು ಮುಖ್ಯ ವಿಷಯ ತಪ್ಪಿಹೋಗುತ್ತೆ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗಿದೀಯಾ?

ಶಿಷ್ಯೆ: ಚಿಕ್ಕವಳಿದ್ದಾಗ ಅಪ್ಪನ ಜೊತೆ. ಗೂಡಿನ ವಾಸನೆ ಮಾತ್ರ ನೆನಪಿದೆ.

ಮೇಷ್ಟ್ರು: ಹೋಗಿ ನಿಂತು ಕೇಳು. ರೈತ ತೆಲುಗಲ್ಲಿ ಕೇಳ್ತಾನೆ: ‘ಗೂಡು ರೇಟು ಎಂತ ಪೋಯಿಂದಿ?’ ಪಕ್ಕದವನು ಕನ್ನಡದಲ್ಲಿ ಕೇಳ್ತಾನೆ: ‘ಗೂಡು ರೇಟು ಎಷ್ಟು ಹೋಯ್ತು?’ ಗೂಡು ಕೊಂಡು ನೂಲು ತೆಗೆಯೋ ರೀಲರು ದಖನಿ ಉರ್ದುವಿನಲ್ಲಿ ಉತ್ತರ ಕೊಡ್ತಾನೆ. ಚೀಟಿ ಕನ್ನಡದಲ್ಲಿ ಬರುತ್ತೆ. ಗೂಡು ಎರಡಕ್ಕೂ ಗೂಡೇ. ಬಹುವಚನದಲ್ಲಿ ತೆಲುಗಿನವರು ‘ಗೂಳ್ಳು’ ಅಂತಾರೆ, ನಾವು ‘ಗೂಡುಗಳು’ ಅಂತೀವಿ. ಹುಳಕ್ಕೆ ‘ಪುರುಗು’, ಕಿವಿಗೆ ದೂರ ಕೇಳಿದರೂ ಬೇರು ಒಂದೇ. ಪದಕ್ಕಿಂತ ಸೋಜಿಗ ನುಡಿಗಟ್ಟು. ರೇಷ್ಮೆ ಹುಳ ಸೊಪ್ಪು ಬಿಟ್ಟು ಗೂಡು ಕಟ್ಟೋ ಹದಕ್ಕೆ ಬಂದರೆ ನಾವು ‘ಹುಳ ಹಣ್ಣಾಯ್ತು’ ಅಂತೀವಿ. ತೆಲುಗು ರೈತನೂ ‘ಪುರುಗು ಪಂಡಿಂದಿ’ ಅಂತಾನೆ. ಹುಳ ಮಾಗೋದು, ಹಣ್ಣಾಗೋದು ಅನ್ನೋ ಕಲ್ಪನೆ ಯಾರಿಗೆ ಮೊದಲು ಬಂತೋ, ಈಗ ಇಬ್ಬರದ್ದೂ. ಆ ಹಣ್ಣಾದ ಹುಳಗಳನ್ನ ಇಬ್ಬರೂ ಗೂಡು ಕಟ್ಟೋಕೆ ಬಿಡೋದು ‘ಚಂದ್ರಿಕೆ’ ಅನ್ನೋ ತಟ್ಟೆ ಮೇಲೆಯೇ.

ಶಿಷ್ಯೆ: ರೇಷ್ಮೆಗೆ ಇಟಾಲಿಯನ್‌ನಲ್ಲಿ ‘ಸೇತ’, ಸ್ಪ್ಯಾನಿಷ್‌ನಲ್ಲಿ ‘ಸೇದ’. ತಕಾರ ದಕಾರ ಆಗಿದೆ, ಅಷ್ಟೇ. ನಮ್ಮದು ‘ರೇಷ್ಮೆ’, ಪಾರಸಿ ಕಡೆಯಿಂದ ಬಂದದ್ದು. ತೆಲುಗಲ್ಲಿ ‘ಪಟ್ಟು’.

ಮೇಷ್ಟ್ರು: ನಮ್ಮಲ್ಲೂ ಪಟ್ಟೆ ಸೀರೆ ಅಂತಿತ್ತಲ್ಲ, ಈಗ ಹೇಳೋರು ಕಡಿಮೆ. ನಾನು ಹೇಳೋಕೆ ಹೊರಟದ್ದು ವಾಕ್ಯದ ವಿಷಯ. ‘ನಾಳೆ ಬರ್ತೀನಿ ಅಂತ ಹೇಳಿ ಹೋದ.’ ‘ರೇಪು ವಸ್ತಾನನಿ ಚೆಪ್ಪಿ ಪೋಯಿನಾಡು.’ ಒಂದರ ಕೆಳಗೆ ಒಂದು ಬರೆದು ನೋಡು. ನಾಳೆ ಇದ್ದ ಜಾಗದಲ್ಲಿ ರೇಪು, ಬರ್ತೀನಿ ಇದ್ದ ಜಾಗದಲ್ಲಿ ವಸ್ತಾನು, ಹೇಳಿ ಇದ್ದ ಜಾಗದಲ್ಲಿ ಚೆಪ್ಪಿ. ಪದ ಬೇರೆ, ಪದ ಕೂರೋ ಜಾಗ ಒಂದೇ. ಹಾಗಾಗಿ ನಮ್ಮ ಕಡೆ ಮಗು ಎರಡು ಭಾಷೆ ಕಲಿಯುವಾಗ ವಾಕ್ಯ ಕಟ್ಟೋದನ್ನ ಒಂದೇ ಸಲ ಕಲಿಯುತ್ತೆ, ಪದ ಮಾತ್ರ ಎರಡು ಸಲ. ತೊಡಕಾಗೋದು ಒಂದು ಕಡೆ. ತೆಲುಗಿನಲ್ಲಿ ಹೆಂಗಸಿಗೂ ವಸ್ತುವಿಗೂ ಒಂದೇ ಕ್ರಿಯಾಪದ, ‘ವಚ್ಚಿಂದಿ’. ಆದ್ದರಿಂದ ತೆಲುಗು ಮನೆಯ ಮಗು ‘ಅಕ್ಕ ಬಂತು’ ಅನ್ನುತ್ತೆ. ಅದನ್ನ ತಪ್ಪು ಅಂತ ಗದರಿಸೋ ಮೇಷ್ಟ್ರಿಗೆ ಅದರ ಹಿಂದೆ ಇರೋ ವ್ಯಾಕರಣ ಗೊತ್ತಿರಬೇಕು.

ಶಿಷ್ಯೆ: ನೀವು ತೆಲುಗು ಮನೆಯವರಾಗಿ ಕನ್ನಡ ಮೇಷ್ಟ್ರಾದ್ದು ನಮಗೆ ಆಗ ವಿಶೇಷ ಅನ್ನಿಸಿರಲೇ ಇಲ್ಲ.

ಮೇಷ್ಟ್ರು: ಯಾಕೆ ಅನ್ನಿಸಬೇಕು? ಈ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರ ಮನೆಮಾತು ತೆಲುಗು. ಮೋಕ್ಷಗುಂಡಂ ಅನ್ನೋ ಊರು ಇರೋದೇ ಆಂಧ್ರದಲ್ಲಿ. ಆದರೆ 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿದ್ದು ಅವರು ದಿವಾನರಾಗಿದ್ದಾಗ, ಅವರ ಒತ್ತಾಸೆಯಿಂದ. ಈ ತಾಲ್ಲೂಕಿನದೇ ಕೈವಾರ. ಬಳೆ ಮಾರ್ತಿದ್ದ ನಾರೇಯಣ ಯತೀಂದ್ರರು ತೆಲುಗಿನಲ್ಲೂ ಹಾಡಿದರು, ಕನ್ನಡದಲ್ಲೂ ಹಾಡಿದರು. ಅವರ ಕಾಲಜ್ಞಾನ ತೆಲುಗಿನದು. ಜನ ಅವರನ್ನ ತಾತಯ್ಯ ಅಂದರು. ಇವತ್ತಿಗೂ ಕೈವಾರಕ್ಕೆ ಬರೋ ಭಕ್ತರು ಯಾವ ಪದ ಯಾವ ಭಾಷೆ ಅಂತ ಕೇಳಿ ಹಾಡಲ್ಲ.

ಶಿಷ್ಯೆ: ಹಾಗಾದರೆ ನಮ್ಮ ಕಡೆ ಮಾತು ಕಳೆದುಹೋಗುತ್ತೆ ಅಂತ ನೀವು ಯಾವಾಗಲೂ ಚಿಂತೆ ಮಾಡ್ತೀರಲ್ಲ, ಯಾಕೆ ಸರ್? ಎರಡೂ ದೊಡ್ಡ ಭಾಷೆ. ಕನ್ನಡಕ್ಕೂ ರಾಜ್ಯ ಇದೆ, ತೆಲುಗಿಗೆ ಎರಡು ರಾಜ್ಯ ಇವೆ.

ಮೇಷ್ಟ್ರು: ದೊಡ್ಡ ಭಾಷೆಗಳಿಗೆ ಏನೂ ಆಗಲ್ಲ. ನನ್ನ ಚಿಂತೆ ಚಿಂತಾಮಣಿಯ ತೆಲುಗಿನದು, ಶಿಡ್ಲಘಟ್ಟದ ಕನ್ನಡದ್ದು. ನಮ್ಮಜ್ಜಿಯ ತೆಲುಗು ವಿಜಯವಾಡದ್ದಲ್ಲ. ರಾಯಲಸೀಮೆಗೆ ಹತ್ತಿರ. ಎಲ್ಲಿ ಅನ್ನೋದಕ್ಕೆ ಪುಸ್ತಕದ ತೆಲುಗು ‘ಎಕ್ಕಡ’ ಅಂದರೆ ನಾವು ‘ಯಾಡ’ ಅಂತೀವಿ. ಅದರೊಳಗೆ ಕನ್ನಡದ ಪದ ಬೇಕಾದಷ್ಟು ಸೇರಿಕೊಂಡಿವೆ, ನಿಮ್ಮ ಮನೆ ಕನ್ನಡದೊಳಗೆ ತೆಲುಗಿನವು ಸೇರಿಕೊಂಡ ಹಾಗೆ. ಈ ತೆಲುಗನ್ನ ಇಲ್ಲಿ ಶಾಲೇಲಿ ಓದಿಸಲ್ಲ, ಆಂಧ್ರದವರು ತಮ್ಮದು ಅಂತ ಬರೆದಿಡಲ್ಲ. ಮೊಮ್ಮಕ್ಕಳಿಗೆ ತೆಲುಗು ಬರೋದು ಸಿನಿಮಾದಿಂದ, ಕನ್ನಡ ಬರೋದು ಪರೀಕ್ಷೆಗೆ, ಮನೆಯಲ್ಲಿ ಅಪ್ಪ ಅಮ್ಮ ಮಕ್ಕಳ ಹತ್ತಿರ ಆಡೋದು ಇಂಗ್ಲಿಷ್. ನನ್ನ ಮೊಮ್ಮಗಳು ರಾಗಿ ಸಂಗಟಿ ತಿಂತಾಳೆ. ಆದರೆ ಅದನ್ನ ‘ಸಂಗಟಿ’ ಅಂತ ಕರೆಯಲ್ಲ, ‘ಮುದ್ದೆ’ ಅಂತಲೂ ಕರೆಯಲ್ಲ, ‘ರಾಗಿ ಬಾಲ್’ ಅಂತಾಳೆ. ಎರಡು ಭಾಷೆ ಒಟ್ಟಿಗೆ ಹೋದವು ನೋಡು.

ಶಿಷ್ಯೆ: ಇಟಲಿಯಲ್ಲಿ ಊರೂರಿನ ಮಾತಿಗೂ ನಿಘಂಟು ಮಾಡಿದಾರೆ ಸರ್. ವೆನಿಸ್ಸಿನ ಮಾತಿಗೆ, ಮಿಲಾನಿನ ಮಾತಿಗೆ, ಸಿಸಿಲಿಯ ಮಾತಿಗೆ ಬೇರೆ ಬೇರೆ. ಅವುಗಳನ್ನ ನೋಡಿದಾಗಲೇ ನನಗೆ ಹೊಳೆದದ್ದು, ನಮ್ಮ ಗಡಿ ತಾಲ್ಲೂಕುಗಳಿಗೆ ಅಂಥದ್ದು ಯಾಕಿರಬಾರದು ಅಂತ. ಸ್ಪ್ಯಾನಿಷ್ ಇಟಾಲಿಯನ್ ನಡುವಿನ ಪ್ರತಿ ಪದ ನನಗೆ ಬೆರಳ ತುದಿಯಲ್ಲಿ ಸಿಗುತ್ತೆ. ಗೌರಿಬಿದನೂರಿನ ರೈತ ಎರಡು ಭಾಷೆಯಲ್ಲಿ ಒಂದು ಕಳೆಗೆ ಏನಂತಾನೆ ಅಂತ ತಿಳೀಬೇಕಾದರೆ ಅವನ ಮನೆಗೇ ಹೋಗಬೇಕು.

ಮೇಷ್ಟ್ರು: ಹೋಗು, ಅದೇ ಸರಿ. ನೀನು ಒಬ್ಬಳೇ ಹೋದರೆ ಸಾಲದು. ಈ ಗಡಿ ತಾಲ್ಲೂಕುಗಳ ಹೈಸ್ಕೂಲುಗಳ ಕನ್ನಡ ಮೇಷ್ಟ್ರುಗಳನ್ನ ನಾನು ಕೇಳಿಕೊಳ್ಳೋದು ಇಷ್ಟು: ಒಂದೊಂದು ಕ್ಲಾಸಿಗೂ ಒಂದು ನೋಟ್‌ಬುಕ್ ಇಡಿ. ಮಕ್ಕಳು ಮನೆಯ ಹಿರಿಯರನ್ನ ಕೇಳಿ, ಹೊಲದ, ಅಡುಗೆಯ, ರೇಷ್ಮೆ ಮನೆಯ, ನೆಂಟಸ್ತಿಕೆಯ ಮಾತುಗಳನ್ನ ಕನ್ನಡದಲ್ಲೊಂದು, ತೆಲುಗಲ್ಲೊಂದು, ಉರ್ದು ಮನೆಯವರಾದರೆ ಅದೂ ಒಂದು, ಕನ್ನಡ ಲಿಪಿಯಲ್ಲೇ ಬರೆದು ತರಲಿ. ಪಕ್ಕದಲ್ಲಿ ಊರಿನ ಹೆಸರು, ಹೇಳಿದವರ ವಯಸ್ಸು ಹಾಕಲಿ. ತಿದ್ದಬೇಡಿ, ಶಿಷ್ಟ ರೂಪಕ್ಕೆ ತರಬೇಡಿ, ‘ಒಗೆ’ ಅಂದಿದ್ದರೆ ‘ಒಗೆ’ ಅಂತಲೇ ಇರಲಿ. ಎಂಬತ್ತು ದಾಟಿದ ಅಜ್ಜಿಯರು ಇನ್ನೂ ಮಾತಾಡ್ತಿದ್ದಾರೆ. ಈ ವರ್ಷವೇ ಶುರು ಮಾಡಿ.